ತೊಳೆದ ಉಪ್ಪು

ನಮ್ಮವ್ವ ವಿಮಲಮ್ಮ ಉಪ್ಪು ತೊಳೆಯುತ್ತಾಳೆ ಎಂದರೆ ಕೇಳಿದವರು ನಗುತ್ತಾರೆ. ನೀರು ಕಂಡರೆ ಕರಗುವ ಪದಾರ್ಥವನ್ನು ತೊಳೆಯುವುದು ಹೇಗೆ ಅನ್ನುತ್ತಾರೆ. ಅದಕ್ಕೆ ಕೈ ಪಳಗಿರಬೇಕು. ಕಲ್ಲುಪ್ಪನ್ನು ಬಿದಿರಿನ ಕುಕ್ಕೆಗೆ ತುಂಬಿ ಹಿತ್ತಲಿನ ತೊಟ್ಟಿಯಲ್ಲಿ ಅದ್ದಬೇಕು. ತಾನು ಒದ್ದೆಯಾದೆ ಎಂದು ಉಪ್ಪಿಗೆ ಗೊತ್ತಾಗುವ ಮೊದಲೇ ಮೇಲಕ್ಕೆತ್ತಿ ಒದರಬೇಕು. ಕೆಳಗೆ ಕೆಸರು ನೀರು ಸುರಿಯುತ್ತದೆ, ಕುಕ್ಕೆಯಲ್ಲಿ ಉಪ್ಪು ಹಾಲುಹಲ್ಲಿನ ಹಾಗೆ ಬೆಳ್ಳಗೆ ಉಳಿಯುತ್ತದೆ. ಕಟ್ಟೆಮಳಲವಾಡಿಯಲ್ಲಿ ಉಪ್ಪು ತೊಳೆಯುವವರು ಇನ್ನೂ ಕೆಲವರಿದ್ದಾರೆ. ಆದರೆ ಅವ್ವನಷ್ಟು ಮಡಿ ಯಾರಿಗೂ ಇಲ್ಲ.

"ಯಾರ್ಯಾರು ತುಳ್ದವ್ರೋ, ಯಾವ ಲಾರೀಲಿ ಯಾರ್ ಕಾಲ್ದೆಸೀಲಿ ಬಿದ್ದಿತ್ತೋ. ಅಂಗೇ ಬಾಯ್ಗೆ ಆಕ್ಕೊಳಕಾಯ್ತದಾ?" ಎನ್ನುತ್ತಾಳೆ.

ತೊಳೆದ ಉಪ್ಪನ್ನು ತಾರಸಿಯ ಮೇಲೆ ಅದೇ ಉಪ್ಪಿನ ಖಾಲಿ ಚೀಲ ಹಾಸಿ ಒಣಗಿಸುತ್ತಾಳೆ. ಚೀಲದ ಮೇಲೆ ನಗುವ ಸೂರ್ಯನ ಗುರುತಿದೆ. ಮೇಲೊಬ್ಬ ಸೂರ್ಯ, ಕೆಳಗೊಬ್ಬ ಸೂರ್ಯ, ನಡುವೆ ಅವ್ವನ ಉಪ್ಪು. ಚಿಕ್ಕವಳಿದ್ದಾಗ ಕಾಗೆ ಓಡಿಸಲು ಕೂತು ಆ ಕೆಳಗಿನ ಸೂರ್ಯನ ಜೊತೆ ನಾನು ಎಷ್ಟೋ ಮಾತಾಡಿದ್ದೇನೆ. ಒಣಗಿದ ಮೇಲೆ ಬಾಣಲೆಯಲ್ಲಿ ಚಟಪಟ ಎನ್ನುವ ತನಕ ಹುರಿದು, ಮಡಕೆಗೆ ತುಂಬಿ, ಒಲೆಯ ಪಕ್ಕದ ಗೂಡಿನಲ್ಲಿಡುತ್ತಾಳೆ. ಹಸಿ ಉಪ್ಪು ಮೈಗೆ ನೀರು ತುಂಬುತ್ತದೆ, ಹುರಿದ ಉಪ್ಪು ಮೈ ಒಣಗಿಸುತ್ತದೆ, ಬಸುರಿ ಬಾಣಂತಿಯರಿಗೆ ಹುರಿದದ್ದೇ ಆಗಬೇಕು ಎನ್ನುವುದು ಅವಳ ಅಮ್ಮನಿಂದ ಅವಳಿಗೆ ಬಂದ ಮಾತು. ಜೊತೆಗೆ ಇನ್ನೊಂದು ಮಾತೂ ಬಂದಿತ್ತು: ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳ. ಅವ್ವ ಯಾವತ್ತೂ ಉಪ್ಪಿನ ಬಟ್ಟಲನ್ನು ನೆಲದ ಮೇಲಿಡುತ್ತಾಳೆ, ನಾವು ಅಲ್ಲಿಂದ ತೆಗೆದುಕೊಳ್ಳಬೇಕು.

ನನ್ನನ್ನು ಹೊಸ ಅಗ್ರಹಾರಕ್ಕೆ ಮದುವೆ ಮಾಡಿ ಕೊಟ್ಟರು. ನಾಲೆಯ ನೀರು, ಭತ್ತದ ಗದ್ದೆ, ಒಳ್ಳೆಯ ಗಂಡ. ಮಹೇಂದ್ರನ ಬಗ್ಗೆ ನನ್ನ ತಕರಾರು ಒಂದೇ, ಮಾತಾಡುವುದಕ್ಕೆ ಮೊದಲು ಎರಡು ಸಲ ಕೆಮ್ಮುತ್ತಾನೆ. ಬಸುರಿಯಾದ ಮೇಲೆ ಆ ಮನೆಯ ಅಡುಗೆ ನನಗೆ ಸೇರದಾಯಿತು. ಪ್ಯಾಕೆಟ್ಟಿನ ಪುಡಿ ಉಪ್ಪು ಬಾಯಿಗಿಟ್ಟರೆ ಔಷಧಿ ಅಂಗಡಿಯೊಳಗೆ ಹೊಕ್ಕಂತಾಗುತ್ತಿತ್ತು. ಸುದ್ದಿ ಕೇಳಿದ ಅವ್ವ ಹುರಿದ ಉಪ್ಪನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿ ಕಳಿಸಿದಳು. ಅದನ್ನು ಹಾಕಿಕೊಂಡು ಮಜ್ಜಿಗೆ ಅನ್ನ ಉಂಡೆ, ವಾಂತಿ ನಿಂತಿತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರಲ್ಲ, ಎರಡೂ ಒಂದೇ ಡಬ್ಬಿಯಲ್ಲಿ ಬಂದಿದ್ದವು. ಅಲ್ಲಿಂದ ಹೆರಿಗೆಯ ತನಕ ನಾನು ತಿಂದದ್ದು ಅದೇ ಉಪ್ಪು.

ಕೆ.ಆರ್. ನಗರದ ಡಾಕ್ಟರಮ್ಮ ತಪಾಸಣೆಗೆ ಹೋದಾಗಲೆಲ್ಲ ಕಬ್ಬಿಣದ ಮಾತ್ರೆ ಕೊಟ್ಟು, "ಅಯೋಡಿನ್ ಇರೋ ಉಪ್ಪೇ ತಿನ್ನಬೇಕು, ಸೂರ್ಯನ ಗುರುತು ನೋಡಿ ತಗೊಳ್ಳಿ" ಎಂದು ಹೇಳುತ್ತಿದ್ದರು. ನಾನು ಗೋಣು ಹಾಕುತ್ತಿದ್ದೆ. ಸುಳ್ಳೇನಲ್ಲ, ನಮ್ಮ ಚೀಲದ ಮೇಲೂ ಸೂರ್ಯನಿದ್ದ.

ಏಳು ತುಂಬಿದಾಗ ತವರಿಗೆ ಬಂದೆ. ಊರ ಪಕ್ಕದಲ್ಲೇ ಲಕ್ಷ್ಮಣತೀರ್ಥಕ್ಕೆ ಕಟ್ಟಿದ ಕಟ್ಟೆ. ಮಳೆಗಾಲದಲ್ಲಿ ನೀರು ಅದರ ಮೇಲೆ ಹಾದು ಇಳಿಯುವ ಸದ್ದು ಮನೆಯೊಳಗೂ ಕೇಳುತ್ತದೆ. ಆ ಸದ್ದಿನಲ್ಲಿ ನಾನು ಮಲಗಿದೆ. ಎದ್ದು ಉಂಡು ಮತ್ತೆ ಮಲಗಿದೆ. ಬಸುರಿಗೆ ನಿದ್ದೆ ಸಹಜ ಎಂದರು. ನನ್ನ ಕುತ್ತಿಗೆ ಸ್ವಲ್ಪ ತುಂಬಿಕೊಂಡಿತ್ತು. ಅವ್ವ ಗದ್ದ ಹಿಡಿದು ನೋಡಿ, "ಬಸುರಿ ಕಳೆ ಕಣೇ ರೂಪಾ, ದೃಷ್ಟಿ ಆಗ್ಬುಟ್ಟಾತು" ಎಂದು ನೆಟಿಕೆ ಮುರಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುವವಳೇ ಕದ್ದುಮುಚ್ಚಿ ಹಳೇ ಸೀರೆಯಲ್ಲಿ ಎರಡು ಕುಲಾವಿ ಹೊಲಿದಿದ್ದಳು. ನಾನು ಕಂಡೂ ಕಾಣದವಳ ಹಾಗಿದ್ದೆ.

ಹುಣಸೂರಿನ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮನೆಗೆ ಕಳಿಸುವ ಮುಂಚೆ ನರ್ಸ್ ಬಂದು ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ, ಒಂದು ಕಾಗದದ ಮೇಲೆ ರಕ್ತದ ಬೊಟ್ಟು ಇಡಿಸಿಕೊಂಡು ಹೋದಳು. ಅದು ಮೈಸೂರಿಗೆ ಹೋಗುತ್ತದಂತೆ. ಅವ್ವ ಅವಳಿಗೆ ಕೇಳುವ ಹಾಗೆಯೇ ಬೈದಳು. "ಕಣ್ಬುಡದ ಕೂಸಿಗೆ ಚುಚ್ತವ್ರಲ್ಲ, ಇವ್ರ ಕೈ ಸೇದೋಗ." ಕೂಸು ಮಾತ್ರ ಒಂದು ಸಲ ಹುಬ್ಬು ಗಂಟಿಕ್ಕಿ ಮತ್ತೆ ನಿದ್ದೆ ಹೋಯಿತು.

ಮನೆಗೆ ಬಂದಾಗ ಹೊಗೆಸೊಪ್ಪು ಬೇಯಿಸುವ ಕಾಲ. ಅಪ್ಪ ಬಸವರಾಜು ರಾತ್ರಿಯೆಲ್ಲ ಬ್ಯಾರನ್ನಿನ, ಅಂದರೆ ಸೊಪ್ಪು ಬೇಯಿಸುವ ಮನೆಯ, ಒಲೆ ಕಾದು ಹಗಲು ಮಲಗುತ್ತಿದ್ದ. ಹದವಾಗಿ ಬೆಂದ ಎಲೆಯ ಸಿಹಿ ವಾಸನೆ ಊರಿಗೆಲ್ಲ ಮುಸುಕು ಹಾಕಿತ್ತು. ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ, ಬೆಳ್ಳುಳ್ಳಿ, ಹರಳೆಣ್ಣೆ. ಕಿಟಕಿಗೆ ಕಂಬಳಿ. ಹಗಲೋ ಸಂಜೆಯೋ ತಿಳಿಯುತ್ತಿರಲಿಲ್ಲ. ಆಚೆ ಅಪ್ಪ ಮಲಗಿದ್ದಾನೆ, ಒಳಗೆ ನಾನು ಮಲಗಿದ್ದೇನೆ, ನನ್ನ ಮಗ್ಗುಲಲ್ಲಿ ಕೂಸು ಮಲಗಿದೆ. ಇಡೀ ಮನೆಯಲ್ಲಿ ಎಚ್ಚರವಾಗಿದ್ದವಳು ಅವ್ವ ಒಬ್ಬಳೇ. ನಮ್ಮ ನಿದ್ದೆಗಳ ನಡುವೆ ಅವಳ ಬಳೆ ಸದ್ದು ಓಡಾಡುತ್ತಿತ್ತು.

ಕೂಸಿಗೆ ಚಿನ್ನು ಎಂದು ಕರೆದೆವು. ನೋಡಲು ಬಂದವರೆಲ್ಲ ಹೊಟ್ಟೆಕಿಚ್ಚು ಪಟ್ಟರು. ಹಾಲಿಗೂ ಅಳುವುದಿಲ್ಲ, ಒದ್ದೆಯಾದರೂ ಅಳುವುದಿಲ್ಲ. ನಾನೇ ಎಬ್ಬಿಸಿ ಬಾಯಿಗೆ ಮೊಲೆ ಇಡಬೇಕು, ಎರಡು ಗುಟುಕು ಕುಡಿದು ಮತ್ತೆ ನಿದ್ದೆ. ಯಾವಾಗಲಾದರೂ ಕುಂಯ್ ಎಂದರೆ ಅದು ನೆಗಡಿಯಾದ ಬೆಕ್ಕಿನ ಮರಿಯ ದನಿ. ದಿನಾ ಬೆಳಿಗ್ಗೆ ಚಾಮುಂಡಮ್ಮ ನೀರು ಹಾಕಲು ಬರುತ್ತಿದ್ದಳು. ಊರಿನ ಅರ್ಧ ಜನರ ಮೂಗನ್ನು ನೀವಿ ನೇರ ಮಾಡಿದ ಕೈ ಅವಳದು. ಬಚ್ಚಲಲ್ಲಿ ಎರಡೂ ಕಾಲು ನೀಡಿ, ಕಾಲ ಮೇಲೆ ಚಿನ್ನುವನ್ನು ಮಲಗಿಸಿಕೊಂಡು, ಹಬೆಯಾಡುವ ನೀರನ್ನು ಚೊಂಬು ಚೊಂಬಾಗಿ ಹುಯ್ಯುತ್ತಿದ್ದಳು. ಚಿನ್ನು ಕಣ್ಣು ಮುಚ್ಚಿಕೊಂಡು ಹುಯ್ಯಿಸಿಕೊಳ್ಳುತ್ತಿದ್ದಳು.

"ಚಿನ್ನದಂತಾ ಕೂಸು ಕಣ್ರವ್ವ. ನೀರಿಗೂ ಅಳಾಕಿಲ್ವಲ್ಲ!" ಎನ್ನುತ್ತಿದ್ದಳು ಚಾಮುಂಡಮ್ಮ.

"ನಮ್ ರೂಪನ್ ಪುಣ್ಯ" ಎನ್ನುತ್ತಿದ್ದಳು ಅವ್ವ, ಆ ಪುಣ್ಯದ ಮುಕ್ಕಾಲು ಪಾಲು ತನ್ನದೇ ಎನ್ನುವ ಮುಖ ಮಾಡಿಕೊಂಡು.

ಒಂದು ಮಧ್ಯಾಹ್ನ ನನಗೆ ಕನಸು ಬಿತ್ತು. ಕಟ್ಟೆಯ ಈ ಕಡೆ ನಾನು ನಿಂತಿದ್ದೇನೆ. ಆ ಕಡೆ ಕಲ್ಲಿನ ಮೇಲೆ ಚಿನ್ನು ಕೂತಿದ್ದಾಳೆ, ಕನಸಿನಲ್ಲಿ ನಡೆದಾಡುವಷ್ಟು ದೊಡ್ಡವಳು, ಕುಲಾವಿ ಮಾತ್ರ ಹಾಗೇ ಇದೆ. ನನ್ನನ್ನು ನೋಡಿ ಬಾಯಿ ತೆರೆದು ಕರೆಯುತ್ತಾಳೆ. ದನಿ ಇಲ್ಲ. ನೀರಿನ ಸದ್ದಿಗೆ ಕೇಳಿಸುತ್ತಿಲ್ಲ ಎಂದುಕೊಂಡು ನಾನು ನೀರಿಗೆ ನಿಲ್ಲು ಎನ್ನುತ್ತೇನೆ. ನೀರು ನಿಂತುಬಿಡುತ್ತದೆ, ಕಟ್ಟೆಯ ಮೇಲೆ ಗಾಜಿನ ಹಾಗೆ. ಆಗಲೂ ದನಿ ಇಲ್ಲ. ಅವಳ ಬಾಯಿ ತೆರೆದೇ ಇದೆ.

ಫೋನ್ ಹೊಡೆದುಕೊಂಡು ಎಚ್ಚರವಾಯಿತು. ಮಹೇಂದ್ರ. ಎರಡು ಸಲ ಕೆಮ್ಮಿದ.

"ರೂಪಾ, ಮೈಸೂರಿಂದ ಫೋನ್ ಮಾಡಿದ್ರು. ಅವತ್ತು ಕಾಲಿಂದ ರಕ್ತ ತಗಂಡ್ರಲ್ಲ, ಅದ್ರಲ್ಲಿ ಥೈರಾಯ್ಡ್ ಸರಿ ಇಲ್ವಂತೆ. ಮಗೀನ ತಕ್ಷಣ ಕರ್ಕೊಂಡ್ ಬನ್ನಿ ಅಂದ್ರು. ತಡ ಮಾಡಿದ್ರೆ... ಬುದ್ಧಿ ಬೆಳೆಯಾಕಿಲ್ವಂತೆ. ನಾನು ಕಾರು ತಕ್ಕೊಂಡು ಬತ್ತಾ ಇವ್ನಿ, ರೆಡಿಯಾಗಿರು."

ನಾನು ಚಿನ್ನುವಿನ ಕಡೆ ತಿರುಗಿದೆ. ಕಂಬಳಿಯ ಸಂದಿನಿಂದ ಬಿದ್ದ ಒಂದು ಗೆರೆ ಬೆಳಕಿನಲ್ಲಿ ಅವಳ ಮುಖ ಅರಿಸಿನ ಬಳಿದಂತಿತ್ತು. ಕಾಮಾಲೆ ಎರಡು ದಿನದಲ್ಲಿ ಹೋಗುತ್ತದೆ ಎಂದಿದ್ದರು, ಹೋಗಿರಲಿಲ್ಲ. ರೆಪ್ಪೆ ಊದಿತ್ತು. ಕೆನ್ನೆ ಮುಟ್ಟಿದರೆ ತಣ್ಣಗೆ. ದಿನಾ ನೋಡುತ್ತಿದ್ದ ಮುಖವೇ. ಆದರೆ ನಾನು ಅದನ್ನು ನಿದ್ದೆಗಣ್ಣಿನಿಂದ ನೋಡುತ್ತಿದ್ದೆ.

ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಪುರುಡು ಕಳೆಯಾಗಂಟ ಬಾಣಂತಿ ಹೊಸ್ಲು ದಾಟಂಗಿಲ್ಲ. ಗಾಳಿ ಸೋಕುದ್ರೆ ಯಾರ್ ನೋಡೋರು? ಇನ್ನೇನು ನಾಕು ದಿನ, ನಾಮಕರಣ ಮುಗುಸ್ಕೊಂಡು ಓಗು. ಮನಗೋ ಕೂಸಿಗೆಲ್ಲ ಕಾಯಿಲೆ ಅಂದ್ರೆ ಅಳೋ ಕೂಸಿಗೇನಂತಾರಂತೆ? ಇವ್ರಿಗೆ ಬರೀ ಟೆಸ್ಟು."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕನಸಿನ ನೀರು ಇನ್ನೂ ಮೊಣಕಾಲಿನ ತನಕ ಇತ್ತು. ಹೆದರಿಕೆ ಮಾತ್ರ ಇತ್ತು, ಎದೆಯ ನಡುವೆ. ಏನು ಕೇಳುತ್ತಿದ್ದೇನೆ ಎಂದು ನನಗೇ ತಿಳಿಯುವ ಮೊದಲು ಕೇಳಿದೆ:

"ಅವ್ವ, ನಾನು ಕೂಸಾಗಿದ್ದಾಗ ನೀರು ಹಾಕುದ್ರೆ ಅಳ್ತಿದ್ನಾ?"

"ನೀನಾ? ಅಯ್ಯೋ, ಬೀದಿ ಬೀದಿಗೇ ಕೇಳ್ತಿತ್ತು ಕಣೇ. ಬಾವೀತಾವ ನೀರ್ ಸೇದೋರೆಲ್ಲ ಬಿಂದ್ಗೆ ಮಡಗಿ ಓಡ್ಬರೋರು. ನೀರಿಗೆ ಅಳ್ದಿರೋ ಕೂಸು ಎಲ್ಲಾರ..."

ಅಲ್ಲಿಗೆ ನಿಂತಳು. ಬಾಯಿ ತೆರೆದೇ ಇತ್ತು. ಬಗ್ಗಿ ಚಿನ್ನುವಿನ ಪಾದ ಹಿಡಿದು ಹೆಬ್ಬೆರಳಿನಿಂದ ಉಜ್ಜಿದಳು, ಮತ್ತೆ ಉಜ್ಜಿದಳು, ಆಮೇಲೆ ಉಗುರಿನಿಂದ ಮೆಲ್ಲಗೆ ಗಿಲ್ಲಿದಳು. ಚಿನ್ನು ಮಲಗಿಯೇ ಇದ್ದಳು.

ಅವ್ವ ಸರಕ್ಕನೆ ಎದ್ದಳು. ನನ್ನ ತಲೆಗೆ ಬಟ್ಟೆ ಕಟ್ಟಿದಳು, ಕಿವಿಗೆ ಹತ್ತಿ ಇಟ್ಟಳು, ಕೂಸಿನ ಬಟ್ಟೆಯೊಳಗೆ ಬೇವಿನ ಸೊಪ್ಪು, ಒಂದು ಕಬ್ಬಿಣದ ಮೊಳೆ ಸಿಕ್ಕಿಸಿದಳು. ಕಾರು ಬಂದಾಗ ಚಿನ್ನುವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನನಗಿಂತ ಮೊದಲು ಅವಳೇ ಹೊಸ್ತಿಲು ದಾಟಿದಳು.

ಮೈಸೂರಿನ ಮಕ್ಕಳ ಡಾಕ್ಟರು ವಯಸ್ಸಾದ ಹೆಂಗಸು, ಮೆತ್ತಗೆ ಮಾತಾಡುತ್ತಿದ್ದರು. ಮತ್ತೆ ರಕ್ತ ತೆಗೆಸಿದರು, ನನ್ನ ಕುತ್ತಿಗೆಯನ್ನೂ ಮುಟ್ಟಿ ನೋಡಿ ನನ್ನ ರಕ್ತವನ್ನೂ ಮೂತ್ರವನ್ನೂ ಪರೀಕ್ಷೆಗೆ ಕಳಿಸಿದರು. ಕುತ್ತಿಗೆಯಲ್ಲಿ ಚಿಟ್ಟೆಯ ಆಕಾರದ ಗ್ರಂಥಿಯಿದೆ, ಥೈರಾಯ್ಡ್. ಅದು ಕೆಲಸ ಮಾಡಲು ಅಯೋಡಿನ್ ಬೇಕು. ಹೊಟ್ಟೆಯಲ್ಲಿರುವ ಮಗು ಅದನ್ನು ತಾಯಿಯಿಂದಲೇ ಪಡೆಯಬೇಕು. ಅದು ಸಾಲದೆ ಹೋದರೆ ಮಗು ಹೀಗೆ ಮಂಕಾಗುತ್ತದೆ ಎಂದು ಹೇಳಿದರು.

"ಎಚ್ಚರ ಆಯ್ತದಾ ಮೇಡಂ?" ಎಂದು ಕೇಳಿದೆ. ನನಗೆ ಬೇಕಿದ್ದದ್ದು ಅದೊಂದೇ.

"ಇವತ್ತೇ ಔಷಧಿ ಶುರು ಮಾಡೋಣ. ಸರಿಯಾದ ಸಮಯಕ್ಕೆ ಬಂದಿದ್ದೀರಿ. ಒಂದು ದಿನವೂ ತಪ್ಪಿಸಬೇಡಿ, ಎಲ್ಲ ಮಕ್ಕಳ ಹಾಗೆ ಬೆಳೀತಾಳೆ ಅನ್ನೋ ನಂಬಿಕೆ ನನಗಿದೆ. ಮನೆಯಲ್ಲಿ ಯಾವ ಉಪ್ಪು ಬಳಸ್ತೀರಿ?"

ಉಪ್ಪಿನ ಮಾತು ಬಂದದ್ದೇ ಅವ್ವ ಮುಂದೆ ಬಂದಳು. ಅಡುಗೆ ಚೆನ್ನಾಗಿದೆ ಎಂದವರಿಗೆ ಹೇಳುವ ಹಾಗೆ, ಕೈ ಆಡಿಸುತ್ತಾ, ಕುಕ್ಕೆಯಿಂದ ಹಿಡಿದು ಬಾಣಲೆಯ ತನಕ ಎಲ್ಲವನ್ನೂ ಹೇಳಿದಳು. ಮಗಳಿಗೆ ಹಸಿ ಉಪ್ಪಿನ ಒಂದು ಕಾಳೂ ತಾಗದ ಹಾಗೆ ನೋಡಿಕೊಂಡೆ ಎಂದಳು. ಡಾಕ್ಟರು ಅವಳನ್ನು ತಡೆಯಲಿಲ್ಲ. ಅವಳ ಮಾತು ಮುಗಿದ ಮೇಲೆ ಹೇಳಿದರು.

"ಅಮ್ಮಾ, ಅಯೋಡಿನ್‌ನ ಉಪ್ಪಿನ ಹರಳಿನ ಮೇಲೆ ಸವರಿರ್ತಾರೆ. ತೊಳೆದರೆ ನೀರಿನ ಜೊತೆ ಹೋಗುತ್ತೆ. ಉಳಿದಿದ್ದು ಹುರಿದಾಗ ಹೋಗುತ್ತೆ."

ಅವ್ವನ ಕೈ ಗಾಳಿಯಲ್ಲೇ ನಿಂತಿತ್ತು.

"ಇದರಿಂದಲೇ ಆಯ್ತು ಅಂತ ನಾನು ಹೇಳಲ್ಲ. ಬೇರೆ ಕಾರಣಕ್ಕೂ ಆಗುತ್ತೆ, ಪರೀಕ್ಷೆ ಮುಗಿದ ಮೇಲೆ ಗೊತ್ತಾಗುತ್ತೆ. ನಿಮ್ಮನ್ನ ನೀವು ಬೈಕೊಬೇಡಿ. ಆದರೆ ಇನ್ಮೇಲೆ ತೊಳೀಬೇಡಿ." ನನಗೂ ಹಾಲೂಡಿಸುವಷ್ಟು ದಿನ ನುಂಗಲು ಅಯೋಡಿನ್ ಮಾತ್ರೆ ಬರೆದುಕೊಟ್ಟರು. ಚಿನ್ನುವಿನ ಮಾತ್ರೆಯನ್ನು ಪುಡಿ ಮಾಡಿ, ಒಂದು ಚಮಚ ಎದೆಹಾಲಿನಲ್ಲಿ ಕಲಸಿ, ದಿನಾ ಬೆಳಿಗ್ಗೆ ಕೊಡಬೇಕಿತ್ತು.

ಹಿಂದಿರುಗುವಾಗ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬಿಳಿಕೆರೆಯ ಕೆರೆ, ಹುಣಸೂರಿನ ಸೇತುವೆ, ಮುಂದೆ ಸಾಲು ಸಾಲು ಬ್ಯಾರನ್ನುಗಳ ಹೊಗೆ, ಯಾವುದನ್ನೂ ನೋಡಿದಂತೆ ಕಾಣಲಿಲ್ಲ. ಮನೆಗೆ ಬಂದವಳೇ ಗೂಡಿನಿಂದ ಉಪ್ಪಿನ ಮಡಕೆ ಇಳಿಸಿ, ಹಿತ್ತಲಿಗೆ ಹೊತ್ತುಕೊಂಡು ಹೋಗಿ ತೆಂಗಿನ ಬುಡಕ್ಕೆ ಸುರಿದಳು. ಮಹೇಂದ್ರ ಸೂರ್ಯನ ಗುರುತಿನ ಪ್ಯಾಕೆಟ್ ತಂದುಕೊಟ್ಟ.

ನಾನು ಅವಳಿಗೆ ಏನೂ ಅನ್ನಲಿಲ್ಲ. ಅನ್ನಬೇಕು ಎಂದು ಒಂದೆರಡು ಸಲ ಅನ್ನಿಸಿತು, ನಾಲಿಗೆಯ ತುದಿಗೂ ಬಂತು. ಆದರೆ ಅವ್ವ ಬೆಳಿಗ್ಗೆ ಕೋಳಿಗಿಂತ ಮೊದಲು ಎದ್ದು, ಎರಡು ಚಮಚಗಳ ನಡುವೆ ಮಾತ್ರೆ ಅರೆದು, ಒಂದು ಕಣವೂ ಚಮಚದಲ್ಲಿ ಉಳಿಯದ ಹಾಗೆ ಚಿನ್ನುವಿನ ತುಟಿಗೆ ಸವರುವುದನ್ನು ನೋಡಿದರೆ ಬಾಯಿ ಕಟ್ಟಿಹೋಗುತ್ತಿತ್ತು. ದೇವರಿಗೂ ಅವಳು ಅಷ್ಟು ಬಗ್ಗಿದ್ದನ್ನು ನಾನು ನೋಡಿಲ್ಲ.

ಪುರುಡು ಕಳೆಯಿತು. ದಿನಗಳು ಒಂದರ ಮೇಲೊಂದು ಮಲಗಿದವು. ಚಿನ್ನು ಇನ್ನೂ ಮಲಗುತ್ತಿದ್ದಳು, ಆದರೆ ಎರಡು ಗುಟುಕು ನಾಲ್ಕಾಯಿತು. ಮುಖದ ಹಳದಿ ಇಳಿಯತೊಡಗಿತು. ಒಂದು ಸಲ ಕಣ್ಣು ತೆರೆದು ಬಹಳ ಹೊತ್ತು ಸೂರನ್ನು ನೋಡಿದಳು, ಯಾವ ಊರಿಗೆ ಬಂದೆ ಎಂದು ಕೇಳುವವಳ ಹಾಗೆ. ನಾನು ಮತ್ತೆ ಅದೇ ಕನಸು ಕಂಡೆ. ಈ ಸಲ ಅವಳು ಕಟ್ಟೆಯ ಮೇಲೆ ಅರ್ಧ ದಾರಿ ಬಂದಿದ್ದಳು. ದನಿ ಇರಲಿಲ್ಲ.

ಅವ್ವ ನಮ್ಮ ಜೊತೆ ಉಣ್ಣುವುದನ್ನು ಬಿಟ್ಟಿದ್ದಳು. ಎಲ್ಲರಿಗೂ ಬಡಿಸಿ, ಆಮೇಲೆ ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಒಂದು ದಿನ ಅವಳು ಕೈ ತೊಳೆಯಲು ಎದ್ದಾಗ ತಟ್ಟೆಯಲ್ಲಿ ಉಳಿದಿದ್ದ ಮುದ್ದೆಯ ಚೂರನ್ನು ಸಾರಿಗೆ ಅದ್ದಿ ಬಾಯಿಗೆ ಹಾಕಿಕೊಂಡೆ. ಸಪ್ಪೆ. ಸಾರಿಗೂ ಉಪ್ಪಿಲ್ಲ, ಮುದ್ದೆಗೂ ಉಪ್ಪಿಲ್ಲ. ತನ್ನ ಪಾಲಿನದನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿಕೊಂಡಿದ್ದಳು.

"ಇದೇನವ್ವ?"

"ಬೀಪಿ ಅಂತೆ ಕಣೇ. ಉಪ್ಪು ಕಮ್ಮಿ ಮಾಡು ಅಂದವ್ರೆ."

"ಯಾರ್ ಅಂದ್ರು?"

ಅವ್ವ ನನ್ನ ಮುಂದಿದ್ದ ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು. ಹರಕೆ ಹೊತ್ತವರು ಉಪ್ಪು ಬಿಡುವುದನ್ನು ನಾನೇನು ನೋಡದವಳಲ್ಲ. ಯಾವ ದೇವರಿಗೆ, ಎಷ್ಟು ದಿನಕ್ಕೆ ಎಂದು ಕೇಳಲಿಲ್ಲ. ಕೋಣೆಗೆ ಹೋಗಿ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಇಷ್ಟು ದಿನ ಅವಳ ಮೇಲೆ ಬರಬೇಕಾಗಿದ್ದ ಸಿಟ್ಟೆಲ್ಲ ಆ ಅಳುವಿನಲ್ಲಿ ಕರಗಿ ಹೋಯಿತು.

ಮಾರನೆಯ ವಾರ ಒಂದು ಬೆಳಿಗ್ಗೆ. ಹೊರಗೆ ಮಂಜು ಇನ್ನೂ ಕರಗಿರಲಿಲ್ಲ. ಚಾಮುಂಡಮ್ಮ ಎಂದಿನಂತೆ ಕಾಲು ನೀಡಿ ಕೂತು, ಚಿನ್ನುವಿನ ಮೈಗೆ ಎಣ್ಣೆ ನೀವಿ, ಮೊದಲ ಚೊಂಬು ಹುಯ್ದಳು. ನಾನು ಬಚ್ಚಲ ಬಾಗಿಲಿಗೆ ಒರಗಿ ತೂಕಡಿಸುತ್ತಿದ್ದೆ. ಚಿನ್ನುವಿನ ಮುಖ ಮುದುಡಿತು. ಹುಬ್ಬು ಕೆಂಪಾಯಿತು, ಆಮೇಲೆ ಹಣೆ, ಆಮೇಲೆ ಕಿವಿ. ಎರಡೂ ಮುಷ್ಟಿ ಮೇಲೆದ್ದವು. ಬಾಯಿ ತೆರೆಯಿತು. ದನಿಯಿಲ್ಲ. ನನಗೆ ಗೊತ್ತಿದ್ದ ಬಾಯಿ ಅದು, ಕಟ್ಟೆಯ ಆ ಕಡೆಯ ಬಾಯಿ.

ಆಮೇಲೆ ಅಳು ಬಂತು.

ಹಂಚು ಹಾರಿಹೋಗುವಂಥ ಅಳು. ಚಾಮುಂಡಮ್ಮ ಬೆಚ್ಚಿ ಚೊಂಬು ಕೆಳಗಿಟ್ಟಳು. ಅಪ್ಪ ಬ್ಯಾರನ್ನಿನ ಕಡೆಯಿಂದ ಟವಲ್ಲು ಬಿದ್ದದ್ದೂ ತಿಳಿಯದೆ ಓಡಿಬಂದ. ಎದುರು ಮನೆಯವರು ಬೀದಿಗೆ ಬಂದು, "ಏನಾಯ್ತ್ರವ್ವಾ ಕೂಸಿಗೆ?" ಎಂದು ಕೂಗಿದರು.

ಅವ್ವ ಅಡುಗೆಮನೆಯಿಂದ ಬಂದು ಜಗಲಿಯ ತುದಿಯಲ್ಲಿ ನಿಂತಳು. "ನೀರ್ ಹಾಕ್ತಾವ್ರೆ ಕಣವ್ವಾ!" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು. "ನಮ್ ಕೂಸು ನೀರಿಗೆ ಅಳ್ತದೆ!" ಆಮೇಲೆ ಒಳಗೆ ತಿರುಗಿ, "ಯಾಕ್ ನಿಲ್ಲುಸ್ದೆ ಚಾಮುಂಡಮ್ಮ? ಉಯ್ಯಿ, ಇನ್ನೊಂದು ಚೊಂಬು ಉಯ್ಯಿ" ಎಂದಳು.

ಚಿನ್ನುವನ್ನು ಒರೆಸಿ, ಸಾಂಬ್ರಾಣಿ ಹೊಗೆ ಹಾಕಿ, ಕೋಣೆಯಲ್ಲಿ ಮಲಗಿಸುವ ತನಕ ಅಳು ನಿಲ್ಲಲಿಲ್ಲ. ನಾನು ನೀರು ಕುಡಿಯಲು ಅಡುಗೆಮನೆಗೆ ಹೋದರೆ ಅವ್ವ ತಟ್ಟೆಯ ಮುಂದೆ ಕೂತಿದ್ದಳು. ಈ ಸಲ ಗೋಡೆಗೆ ಮುಖ ಮಾಡಿರಲಿಲ್ಲ. ತಟ್ಟೆಯಲ್ಲಿ ಹಿಂದಿನ ದಿನದ ಸಪ್ಪೆ ಮುದ್ದೆ. ನನ್ನ ಕಡೆ ಅಂಗೈ ಚಾಚಿದಳು.

"ಉಪ್ಪು ಕೊಡೇ."

ಪ್ಯಾಕೆಟ್ಟಿನಿಂದ ಒಂದು ಚಿಟಿಕೆ ತೆಗೆದು ಬಟ್ಟಲಿಗೆ ಹಾಕಿ, ಅವಳೇ ಕಲಿಸಿದ ಹಾಗೆ ನೆಲದ ಮೇಲಿಡಲು ಬಗ್ಗಿದೆ.

"ನೆಲುಕ್ ಮಡಗ್ಬ್ಯಾಡ. ಕೈಗೇ ಹಾಕು."

"ಜಗಳ ಬತ್ತದೆ ಅಂತಿದ್ದೆ?"

"ಬರ್ಲಿ ಬುಡು. ಒಂದ್ಸಲ ಆಡ್ಬುಡು."

ಅವಳ ಅಂಗೈಗೆ ಹಾಕಿದೆ. ಅವ್ವ ಅದನ್ನು ಹಸಿಯಾಗಿಯೇ ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಜಗಳ ಆಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಅವಳ ಪಕ್ಕದಲ್ಲಿ ಕೂತು ಹೆಗಲಿಗೆ ತಲೆ ಕೊಟ್ಟೆ. ಕೋಣೆಯಲ್ಲಿ ಚಿನ್ನು ಮತ್ತೆ ಶುರು ಮಾಡಿದಳು. ಕಟ್ಟೆಯ ನೀರಿನ ಸದ್ದು ಆ ಅಳುವಿನ ಕೆಳಗೆ ಎಲ್ಲೋ ಮುಳುಗಿಹೋಯಿತು.

ಅವ್ವ ಮೊಣಕೈಯಿಂದ ನನ್ನನ್ನು ತಳ್ಳಿದಳು.

"ಓಗೇ, ನಿನ್ನೇ ಕರೀತಾವ್ಳೆ."